ನಾಲ್ಕನೆಯ ಮೂಲೆ

“ಹಿಂದಿನ ಮಗ್ಗಲಾ ತೋರಸ್ರಿ ಪ್ರಭಣ್ಣ,” ಎಂದ ದಾದಾಪೀರ.

“ಮುಂದಿಂದು ನೋಡಿ ಸಮಾಧಾನ ಆಗಲಿಲ್ಲೇನು?”

“ಆತು. ಆದ್ರೂ ನಮ್ಮ ಬ್ಯಾಡಗಿ ಪ್ಯಾಟ್ಯಾಗ ಚೀಲದ ಮ್ಯಾಲಿನ ಕಾಯಿ ನೋಡಿ ಯಾರೂ ಮಾಲು ಚಲೋ ಐತಿ ಅನ್ನಂಗಿಲ್ಲ. ತಳಕ್ಕ ಕೈ ಹಾಕತೇವಿ.”

ಪ್ರಭುಲಿಂಗಪ್ಪ ನಕ್ಕ. ಹದಿನೈದು ವರ್ಷದ ಗೆಳೆತನದಲ್ಲಿ ದಾದಾಪೀರ ಯಾವ ಅಂಚೆಚೀಟಿಯನ್ನೂ ಒಂದೇ ಮಾತಿಗೆ ಒಪ್ಪಿದವನಲ್ಲ. ಮೆಣಸಿನಕಾಯಿಯ ರಂಗು ನೋಡಿ ದರ್ಜೆ ಹೇಳುವುದು ಅವನ ಕೆಲಸ, ಹೀಗಾಗಿ ಸಂಶಯ ಅವನ ಹೊಟ್ಟೆಪಾಡು. ಪುಟವನ್ನು ಇನ್ನೂ ಹಲಗೆಗೆ ಏರಿಸಿರಲಿಲ್ಲ. ಪ್ರಭುಲಿಂಗಪ್ಪ ಚಿಮಟದಿಂದ ಚೀಟಿಯ ಅಂಚನ್ನು ಹಗುರಾಗಿ ಎತ್ತಿದ. ಹಾಳೆಗೆ ಅಂಟಿಸಿದ್ದ ತೆಳುಕಾಗದದ ಮಡಿಕೆಯ ಮೇಲೆ ಅದು ಪುಟ್ಟ ಬಾಗಿಲಿನಂತೆ ತೆರೆದುಕೊಂಡಿತು. ಹಿಂಬದಿಯೂ ತೆಳುವಾಗಿ ಹಳದಿಯಾಗಿತ್ತು.

“ಇಲ್ಲೂ ಹಳದಿ ಐತಲ್ರಿ.”

“ಅದು ಲಕೋಟಿ ಬಣ್ಣ. ನೀರಾಗ ನೆನಸಿ ಬಿಡಸುವಾಗ ಹತ್ತೇತಿ. ಲಕೋಟಿ ಹಳದಿ ಇತ್ತು, ನನ್ನ ಪ್ರೆಸ್ಸಿಂದನ. ನನಗ ಗೊತ್ತಿಲ್ಲೇನು?”

“ಹೂಂ,” ಎಂದ ದಾದಾಪೀರ. ಅವನ ಹೂಂ ಎಂದರೆ ಒಪ್ಪಿಗೆಯಲ್ಲ, ಇನ್ನೊಮ್ಮೆ ಬರುತ್ತೇನೆ ಎಂದರ್ಥ.

ಹಾವೇರಿಯ ಆ ಸಭಾಭವನದಲ್ಲಿ ಬೆಳಗಿನ ಹತ್ತಕ್ಕೇ ಜನ ಸೇರತೊಡಗಿದ್ದರು. ಎರಡು ಸಾವಿರದ ಆರನೆಯ ಇಸವಿಯ ಡಿಸೆಂಬರ್. ಊರಿನಲ್ಲಿ ಅಂಚೆಚೀಟಿಗಳ ಪ್ರದರ್ಶನ. ಸಾಲಾಗಿ ನಿಲ್ಲಿಸಿದ ಹಲಗೆಗಳು, ಅವುಗಳ ಮೇಲೆ ಪಾರದರ್ಶಕ ಹಾಳೆಯ ಹಿಂದೆ ಊರೂರಿನ ಸಂಗ್ರಾಹಕರ ಪುಟಗಳು. ಬಾಗಿಲ ಬಳಿ ಅಂಚೆಯವರು ಮೇಜು ಹಾಕಿಕೊಂಡು, ಈ ಒಂದು ದಿನಕ್ಕೆಂದೇ ಮಾಡಿಸಿದ ವಿಶೇಷ ಮುದ್ರೆ ಹೊಡೆಯುತ್ತಿದ್ದರು. ಹನ್ನೆರಡಕ್ಕೆ ಹುಬ್ಬಳ್ಳಿಯಿಂದ ತೀರ್ಪುಗಾರ್ತಿ ಬರುವವರಿದ್ದರು. ಅವರು ಮೊದಲು ಯಾವ ಹಲಗೆಯ ಮುಂದೆ ನಿಲ್ಲುತ್ತಾರೆ ಎಂಬುದರ ಬಗ್ಗೆ ಪ್ರಭುಲಿಂಗಪ್ಪನಿಗೆ ಅನುಮಾನವಿರಲಿಲ್ಲ.

ಅನುಮಾನ ಪಡುವ ಜಾತಿಯೇ ಅವನದಲ್ಲ. ಹಾವೇರಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಲಗ್ನಪತ್ರಿಕೆ ಮುದ್ರಿಸುತ್ತಿದ್ದ. ಅವನ ಪ್ರೆಸ್ಸಿನಿಂದ ಹೊರಬಿದ್ದ ಪತ್ರಿಕೆಯಲ್ಲಿ ಗಣಪತಿಯ ಕೆಂಪು ಗೆರೆ ದಾಟಿ ಚೆಲ್ಲಿದ್ದನ್ನು ತೋರಿಸಿದವರಿಗೆ ಮತ್ತೊಂದು ಸಲ ಪುಕ್ಕಟೆ ಮುದ್ರಿಸಿಕೊಡುತ್ತೇನೆಂದು ಗೋಡೆಗೇ ಬರೆಸಿದ್ದ. ಈವರೆಗೆ ಯಾರೂ ತೋರಿಸಿರಲಿಲ್ಲ. ಅಂಚೆಚೀಟಿಗಳಲ್ಲಿ ಮಾತ್ರ ಅವನು ಹುಡುಕುತ್ತಿದ್ದದ್ದು ತಪ್ಪನ್ನೇ. ಅಂಚಿನ ತೂತು ಓರೆಯಾದದ್ದು, ಒಂದು ಬಣ್ಣ ಬಿಟ್ಟುಹೋದದ್ದು, ಚಿತ್ರ ಎರಡು ಸಲ ಬಿದ್ದದ್ದು. ತನ್ನ ಮನೆಯಲ್ಲಿ ತಪ್ಪನ್ನು ಸಹಿಸದವನು ಮಂದಿಯ ತಪ್ಪನ್ನು ಜೋಪಾನ ಮಾಡುತ್ತಾನೆ ಎಂದು ಹೆಂಡತಿ ಸುಧಾರಾಣಿ ಚೇಷ್ಟೆ ಮಾಡುತ್ತಿದ್ದಳು.

ಅಂಥ ತಪ್ಪುಗಳ ರಾಜ ಈ ಕೊಕ್ಕರೆ. ಐದು ರೂಪಾಯಿಯ ಸ್ಮರಣಾರ್ಥ ಚೀಟಿ. ನೀರಿನಲ್ಲಿ ಒಂಟಿಗಾಲಲ್ಲಿ ನಿಂತ ಕೊಕ್ಕರೆ, ಹಿಂದೆ ಬಿಳಿಯ ಆಕಾಶ. ಲಕ್ಷಗಟ್ಟಲೆ ಚೀಟಿಗಳಲ್ಲಿ ಆಕಾಶ ಬಿಳಿ. ಇದೊಂದರಲ್ಲಿ ಹಳದಿ, ಅದೂ ಹೊತ್ತು ಮುಳುಗುವಾಗಿನ ಹದವಾದ ಹಳದಿ. ಮುದ್ರಿಸುವ ಸಿಲಿಂಡರಿನ ಮೇಲಿನ ಹೆಚ್ಚುವರಿ ಮಸಿಯನ್ನು ಒರೆಸುವ ಪಟ್ಟಿ ಒಂದು ಕ್ಷಣ ತಪ್ಪಿದೆ, ಕೊಕ್ಕಿಗೆಂದು ಇದ್ದ ಹಳದಿ ಆಕಾಶಕ್ಕೆಲ್ಲ ಹರಡಿದೆ ಎಂದು ಪ್ರಭುಲಿಂಗಪ್ಪ ತೀರ್ಮಾನಿಸಿದ್ದ. ಹಿಂದಿನ ವರ್ಷ ಸಂಗ್ರಾಹಕರ ಸಂಘದ ಪತ್ರಿಕೆಗೆ ಮೂರು ಪುಟದ ಲೇಖನ ಬರೆದ. ಅದಾದ ಮೇಲೆ ಬೆಳಗಾವಿಯಿಂದ, ಮೈಸೂರಿನಿಂದ ಪತ್ರ ಬಂದವು. ‘ಪ್ರಭುಲಿಂಗಪ್ಪನವರ ಹಳದಿ ಆಕಾಶ’ ಎಂದೇ ಅದಕ್ಕೆ ಹೆಸರು ಬಿತ್ತು. ಹೈಸ್ಕೂಲು ಮುಗಿಸಿ ಮಸಿಯಲ್ಲಿ ಕೈ ಅದ್ದಿದವನಿಗೆ, ಪ್ರೊಫೆಸರುಗಳು ‘ತಮ್ಮ ಅಭಿಪ್ರಾಯ ತಿಳಿಸಿ’ ಎಂದು ಬರೆಯುವುದು ಸಣ್ಣ ಮಾತಾಗಿರಲಿಲ್ಲ. ಆ ಪತ್ರಗಳನ್ನು ಅವನು ಗಲ್ಲಾಪೆಟ್ಟಿಗೆಯ ಕೆಳಗಿನ ಖಾನೆಯಲ್ಲಿ ಇಟ್ಟು ಕೀಲಿ ಹಾಕುತ್ತಿದ್ದ.

ಹನ್ನೊಂದೂವರೆಯ ಸುಮಾರಿಗೆ ಸುಧಾರಾಣಿ ತನ್ನ ತಾಯಿ ಮಂಗಳವ್ವನನ್ನು ಸ್ಟೇಷನ್ನಿನಿಂದ ಕರೆದುಕೊಂಡು ಬಂದಳು. ಅಳಿಯನಿಗೆ ಬಹುಮಾನ ಬರುತ್ತದೆಂದು ಕೇಳಿ ಮುದುಕಿ ರಾಣೇಬೆನ್ನೂರಿನಿಂದ ರೈಲು ಹತ್ತಿದ್ದಳು. ಕೈಚೀಲದಲ್ಲಿ ಕರದಂಟಿನ ಡಬ್ಬಿ. ಮಂಗಳವ್ವ ಹಳೆಯ ಕಾಲದ ಹೆಂಗಸು. ಅಳಿಯನೊಡನೆ ನೇರ ಮಾತಾಡುತ್ತಿರಲಿಲ್ಲ. ಮಗಳಿಗೆ ಹೇಳಿದಂತೆ ಮಾಡಿ ಅವನಿಗೆ ಕೇಳಿಸುತ್ತಿದ್ದಳು.

“ಇದ ನೋಡವ್ವಾ ಆ ಕೊಕ್ಕರಿ,” ಎಂದಳು ಸುಧಾರಾಣಿ. “ತಂಗಿ ಲಗ್ನದ್ದು ಒಂದು ಪತ್ರಿಕಾ ಪತ್ತೇ ಸಿಗದ ವಾಪಸ್ ಬಂದಿತ್ತಲ್ಲ, ಗಿಣಿಗೂಟದ ತಂತಿಗೆ ಚುಚ್ಚಿ ಇಟ್ಟಿದ್ದಿ? ಅದರ ಮ್ಯಾಲಿಂದ ಇದು.”

ಮಂಗಳವ್ವ ಕನ್ನಡಕ ಏರಿಸಿಕೊಂಡು ಬಗ್ಗಿ ನೋಡಿದಳು. ಬಹಳ ಹೊತ್ತು ನೋಡಿದಳು.

“ಇದರಾಗ ಏನ್ ವಿಶೇಷ ಸುಧಾ?”

“ಆಕಾಶ ಹಳದಿ ಆಗೇತಲ್ಲ. ಎಲ್ಲಾದರಾಗೂ ಬಿಳಿ ಇರತೈತಿ.”

“ಹಳದಿ ಆಗದ ಏನ್ ಮಾಡೀತು? ಅರಿಷಿಣ ಹಚ್ಚೇನಲ್ಲ.”

ಸುಧಾರಾಣಿ ಗಂಡನ ಕಡೆ ನೋಡಲಿಲ್ಲ. ಮಂಗಳವ್ವ ಮಾತು ಮುಂದುವರಿಸಿದಳು. ತಾನು ಏನನ್ನು ಬೀಳಿಸುತ್ತಿದ್ದೇನೆ ಎಂಬ ಅರಿವು ಆಕೆಗಿರಲಿಲ್ಲ.

“ನಡುಮನ್ಯಾಗ ಕುಂತು ಅಷ್ಟೂ ಲಕೋಟಿಗೆ ನಾನ ಹಚ್ಚೇನಿ. ನಿಮ್ಮ ತಮ್ಮ ಮೊದಲ ತಿಕೀಟು ಹಚ್ಚಿ ಇಟ್ಟುಬಿಟ್ಟಿದ್ದ. ತಿಕೀಟಿನ ಮ್ಯಾಲೆ ಬ್ಯಾಡವ್ವಾ ಅಂದ. ಆ ಮೂಲಿ ಬಿಟ್ರ ಮೂರ ಮೂಲಿ ಆಗತಾವು, ಮೂರು ಮೂಲಿ ಅರಿಷಿಣ ಹಚ್ಚಿ ಯಾರರ ಲಗ್ನಕ್ಕ ಕರೀತಾರೇನು?”

ಪ್ರಭುಲಿಂಗಪ್ಪನ ಕಿವಿ ಬಿಸಿಯಾಯಿತು. ಮೊದಲು ಬಂದದ್ದು ಸಿಟ್ಟು, ಅದೂ ಮುದುಕಿಯ ಮೇಲೆ. ಓದು ಬರಹ ಇಲ್ಲದ ಈಕೆಗೆ ಮಸಿ ಯಾವುದು, ಅರಿಶಿಣ ಯಾವುದು ಎಂದು ಏನು ಗೊತ್ತು? ಆದರೆ ಸಿಟ್ಟಿನ ಬೆನ್ನಿಗೇ ಆ ಲಕೋಟೆ ಕಣ್ಣ ಮುಂದೆ ಬಂತು. ಹಳದಿ ಲಕೋಟೆ, ಅದರ ಮೇಲೆ ಹಳದಿ ಗುರುತು ಯಾರಿಗೆ ಕಾಣಬೇಕು? ಆವತ್ತು ಅವನ ಕಣ್ಣು ಚೀಟಿಯ ಮೇಲಷ್ಟೇ ಇತ್ತು. ರಾತ್ರಿಯಿಡೀ ನೀರಿನಲ್ಲಿ ನೆನೆಸಿದ್ದ, ಮೂಲೆಯಲ್ಲಿದ್ದ ಬಣ್ಣ ಬಿಟ್ಟುಕೊಂಡು ಸಮನಾಗಿ ಹರಡಲು ಅಷ್ಟು ಸಾಕು. ಸಾವಿರಾರು ಲಗ್ನಪತ್ರಿಕೆ ಮುದ್ರಿಸಿದವನಿಗೆ, ಅವು ತನ್ನ ಬಾಗಿಲು ದಾಟಿದ ಮೇಲೆ ಹೆಂಗಸರ ಕೈಗೆ ಹೋಗುತ್ತವೆ ಎಂಬುದು ಹೊಳೆದಿರಲಿಲ್ಲ. ದೀಪದ ಬುಡದಲ್ಲೇ ಕತ್ತಲೆ ಎಂದು ಬೇರೆಯವರಿಗೆ ಹೇಳುತ್ತಿದ್ದ ಮನುಷ್ಯ ಅವನು.

ದಾದಾಪೀರ ಪಕ್ಕದಲ್ಲೇ ನಿಂತು ಎಲ್ಲ ಕೇಳಿಸಿಕೊಂಡಿದ್ದ. ಗೆಲುವಿನ ನಗೆ ನಗಬಹುದಿತ್ತು, ನಗಲಿಲ್ಲ. ತೋಳು ಹಿಡಿದು ಗೆಳೆಯನನ್ನು ಕಿಟಕಿಯ ಕಡೆ ಕರೆದೊಯ್ದ.

“ಸುಮ್ಮನ ಇದ್ದುಬಿಡ್ರಿ ಪ್ರಭಣ್ಣ. ಅತ್ತಿಯಾರ ಮಾತು ಇಲ್ಲೇ ಮುಗೀತು. ನಾ ಅಂತೂ ಬಾಯಿ ಬಿಡಂಗಿಲ್ಲ.”

“ನಿನಗ ಮೊದಲ ಡೌಟ್ ಇತ್ತಿಲ್ಲೋ?”

“ಇತ್ತು. ಡೌಟ್ ಪಟ್ಟು ಪಟ್ಟು ಎಷ್ಟೋ ಚಲೋ ಮಾಲು ಕೈಬಿಟ್ಟೇನಿ ನಾನು. ನನ್ನ ಡೌಟಿಗೆ ಏನ್ ಕಿಮ್ಮತ್ತು? ಮಸೀನೂ ಇರಬಹುದು.”

“ಇರಬಹುದು,” ಎಂದ ಪ್ರಭುಲಿಂಗಪ್ಪ. ಗೋಡೆಯ ಗಡಿಯಾರ ಹನ್ನೊಂದೂ ಮುಕ್ಕಾಲು ತೋರಿಸುತ್ತಿತ್ತು. ಸುಮ್ಮನಿದ್ದರೆ ಮಧ್ಯಾಹ್ನ ಬಹುಮಾನ, ನಾಳೆ ಪತ್ರಿಕೆಯಲ್ಲಿ ಫೋಟೋ, ಗಲ್ಲಾದ ಕೆಳಗೆ ಇನ್ನಷ್ಟು ಪತ್ರ. ಪ್ರತಿಯೊಂದು ಪತ್ರ ಒಡೆಯುವಾಗಲೂ ಮೂರು ಮೂಲೆ, ನಾಲ್ಕು ಮೂಲೆ ಎಂಬ ಮುದುಕಿಯ ದನಿ ಕಿವಿಯಲ್ಲಿ. ಪರೀಕ್ಷೆ ಮಾಡಿದರೆ, ಅದು ನಿಜಕ್ಕೂ ಮಸಿಯೇ ಆಗಿದ್ದರೂ ಇರುವ ಒಂದೇ ಚೀಟಿಗೆ ಕಲೆ. ಅವನು ತನ್ನ ಕೆಲಸದ ಬಗ್ಗೆ ಎಷ್ಟು ಜಂಬದವನೋ ಅಷ್ಟೇ ಅದರಲ್ಲಿ ತಪ್ಪುವ ಭಯ ಉಳ್ಳವನು. ಗೆರೆ ದಾಟಿದ ಕೆಂಪನ್ನು ತಾನೇ ಮೊದಲು ಕಂಡು, ಗಿರಾಕಿ ಬರುವ ಮುಂಚೆ ಇಡೀ ಕಂತೆಯನ್ನು ಒಲೆಗೆ ಹಾಕಿದ ದಿನಗಳೂ ಇದ್ದವು. ಆ ಕಂತೆಗಳ ವಿಷಯ ಗೋಡೆಯ ಮೇಲೆ ಬರೆಸಿರಲಿಲ್ಲ.

“ಸುಣ್ಣ ಕೊಡು,” ಎಂದ.

“ಏನ್ರಿ?”

“ಎಲಿ ಹಾಕ್ಕೋತಿಯಲ್ಲ, ಸುಣ್ಣದ ಟ್ಯೂಬ್ ಕೊಡು. ಮಸಿ ಆದ್ರ ಸುಣ್ಣಕ್ಕ ಅಂಜಂಗಿಲ್ಲ. ಅರಿಷಿಣ ಆದ್ರ ಕೆಂಪಾಗತೈತಿ. ಆರತಿ ನೀರು ಮಾಡೂದು ಮತ್ತ ಹೆಂಗ?”

ಹಲಗೆಯಿಂದ ಪುಟವನ್ನು ಬಿಡಿಸಿ ಕಿಟಕಿಯ ಕಟ್ಟೆಯ ಮೇಲೆ ಇಟ್ಟ. ಸುಧಾರಾಣಿ, ಮಂಗಳವ್ವ ಹತ್ತಿರ ಬಂದರು. ಸುಣ್ಣವನ್ನು ಹನಿ ನೀರಿನಲ್ಲಿ ತೆಳುಮಾಡಿ, ಬೆಂಕಿಕಡ್ಡಿಯ ತುದಿಗೆ ಹಚ್ಚಿಕೊಂಡ. ಕೊಕ್ಕರೆಯ ತಲೆಯ ಮೇಲೆ, ಆಕಾಶದ ಬಲಮೂಲೆಯಲ್ಲಿ ಸಾಸಿವೆಯಷ್ಟು ಮುಟ್ಟಿಸಿದ.

ಎಣಿಸಲು ಪುರುಸೊತ್ತು ಸಿಗಲಿಲ್ಲ. ಹಳದಿಯ ನಡುವೆ ಕೆಂಪು ಚುಕ್ಕೆ ಎದ್ದು, ಅಂಚಿಗೆ ಹಬ್ಬಿತು.

ಮಂಗಳವ್ವನಿಗೆ ಆಗ ಎಲ್ಲ ತಿಳಿಯಿತು. ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. “ನನ್ನ ಬಾಯಿಗೆ ಮಣ್ಣು ಹಾಕ. ಸುಧಾ, ನಾ ಬರಬಾರದಿತ್ತು,” ಎಂದಳು. ಆಕೆಯ ಕಣ್ಣು ತುಂಬಿದ್ದವು.

“ನಿಮ್ಮದೇನೂ ತಪ್ಪಿಲ್ಲರಿ ಅತ್ತಿ,” ಎಂದ ಪ್ರಭುಲಿಂಗಪ್ಪ. ದನಿ ಒರಟಾಗಿತ್ತು, ಆದರೆ ನೇರ ಆಕೆಗೇ ಹೇಳಿದ. “ನೀವು ಸರಿಯಾಗೇ ಹಚ್ಚೀರಿ. ನೋಡೂದರಾಗ ನಾ ತಪ್ಪೇನಿ.”

“ಪುಟ ಮನಿಗೆ ಒಯ್ಯೂಣೇನ್ರಿ?” ಎಂದು ಸುಧಾರಾಣಿ ಮೆಲ್ಲಗೆ ಕೇಳಿದಳು.

“ಯಾಕ ಒಯ್ಯಬೇಕು? ಮೂರು ಪುಟ ಬರೆದು ಊರಿಗೆಲ್ಲ ಹೇಳೇನಿ. ಇದನ್ನೂ ಊರ ಮಂದಿನ ನೋಡಲಿ.”

ಜೇಬಿನಿಂದ ಪೆನ್ನು ತೆಗೆದ. ಚೀಟಿಯ ಕೆಳಗೆ ತನ್ನದೇ ಪ್ರೆಸ್ಸಿನಲ್ಲಿ ಅಚ್ಚು ಹಾಕಿ ಅಂಟಿಸಿದ್ದ ಸಾಲು ಇತ್ತು: ‘ಮುದ್ರಣ ದೋಷ. ಹಳದಿ ಆಕಾಶ. ತಿಳಿದಿರುವ ಏಕೈಕ ಪ್ರತಿ.’ ಅದರ ಮೇಲೆ ಅಡ್ಡಗೆರೆ ಎಳೆದು, ಲಗ್ನಪತ್ರಿಕೆಯ ಹೆಸರು ಬರೆಯುವ ದುಂಡನೆಯ ಅಕ್ಷರದಲ್ಲಿ ಬರೆದ: ‘ಮುದ್ರಣ ಸರಿಯಾಗಿದೆ. ಬಣ್ಣ ಅರಿಶಿಣದ್ದು, ಸುಣ್ಣದಿಂದ ಪರೀಕ್ಷಿಸಿದೆ. ಹಚ್ಚಿದವರು: ಮಂಗಳವ್ವ, ರಾಣೇಬೆನ್ನೂರು.’ ಪುಟವನ್ನು ಮತ್ತೆ ಹಲಗೆಗೆ ಏರಿಸಿ, ಓರೆಯಾಗಿದೆಯೇ ಎಂದು ಎರಡು ಹೆಜ್ಜೆ ಹಿಂದೆ ಸರಿದು ನೋಡಿದ.

ತೀರ್ಪುಗಾರ್ತಿ ಬಂದಾಗ ಹನ್ನೆರಡೂ ಕಾಲು. ಲೇಖನ ಓದಿಯೇ ಬಂದಿದ್ದರೆಂದು ಕಾಣುತ್ತದೆ, ನೆಟ್ಟಗೆ ಕೊಕ್ಕರೆಯ ಮುಂದೆ ನಿಂತರು. ಬರಹವನ್ನು ಎರಡು ಸಲ ಓದಿದರು. ಭೂತಗನ್ನಡಿ ಹಿಡಿದು ಕೆಂಪು ಚುಕ್ಕೆಯನ್ನು ನೋಡಿದರು.

“ಯಾವಾಗ ಗೊತ್ತಾಯಿತು?”

“ಅರ್ಧ ತಾಸಾತ್ರಿ.”

“ನನಗೂ ಗೊತ್ತಾಗ್ತಿರಲಿಲ್ಲ,” ಎಂದರು ಆಕೆ. ಕೈಯಲ್ಲಿದ್ದ ಹಾಳೆಯಲ್ಲಿ ಏನೋ ಗುರುತು ಹಾಕಿ, ಮುಂದಿನ ಹಲಗೆಗೆ ಹೋದರು. ಅಲ್ಲಿ ಗುತ್ತಲದ ಮಾಸ್ತರರೊಬ್ಬರ ರೈಲು ಎಂಜಿನ್ನುಗಳಿದ್ದವು. ಅವುಗಳ ಮುಂದೆ ಬಹಳ ಹೊತ್ತು ನಿಂತರು. ಪ್ರಭುಲಿಂಗಪ್ಪನಿಗೆ ನೋವಾಯಿತು, ಆಗದೇನು? ಆದರೆ ಹಸಿವೂ ಆಗಿತ್ತು. ಕರದಂಟಿನ ಡಬ್ಬಿ ಬಿಚ್ಚಿಸಿ, ದಾದಾಪೀರನಿಗೊಂದು ತುಂಡು ಕೊಟ್ಟು, ತಾನು ಎರಡು ತಿಂದ.

ಆಮೇಲೆ ಒಂದು ಕುರ್ಚಿ ಎಳೆದುಕೊಂಡು ಕಾಗದ ಬರೆಯಲು ಕುಳಿತ. ಸಂಘದ ಪತ್ರಿಕೆಯ ಸಂಪಾದಕರಿಗೆ. ತಾನು ಬರೆದದ್ದು ತಪ್ಪು, ಯಾಕೆ ತಪ್ಪು, ಹೇಗೆ ಗೊತ್ತಾಯಿತು. ಮುಂದೆ ಯಾರಾದರೂ ಹಳದಿ ಚೀಟಿ ಸಿಕ್ಕಿತೆಂದು ಕುಣಿದರೆ ಮೊದಲು ಸುಣ್ಣ ಮುಟ್ಟಿಸಲಿ. ಒಂದೂವರೆ ಪುಟದಲ್ಲಿ ಮುಗಿಯಿತು. ಲೇಖನಕ್ಕೆ ಎರಡು ತಿಂಗಳು ಹಿಡಿದಿತ್ತು. ಮಡಚಿ ಲಕೋಟೆಗೆ ಹಾಕಿ, ವಿಳಾಸ ಬರೆದು, ಬಾಗಿಲ ಬಳಿಯ ಅಂಚೆ ಮೇಜಿನಲ್ಲಿ ಚೀಟಿ ಕೊಂಡು ಹಚ್ಚಿದ.

ಮೇಜಿನ ಗುಮಾಸ್ತ ಫಕ್ಕೀರೇಶ ಅವನನ್ನು ಬಲ್ಲವನು. ಇಂಥ ದಿನ ಸಂಗ್ರಾಹಕರು ಕೊಡುವ ಲಕೋಟೆ ಯಾವ ಊರಿಗೂ ಹೋಗುವುದಿಲ್ಲ. ವಿಶೇಷ ಮುದ್ರೆ ಹೊಡೆಸಿಕೊಂಡು, ಮಸಿ ಆರುವ ತನಕ ಊದಿ, ಆಲ್ಬಮ್ಮಿಗೆಂದು ವಾಪಸ್ ಒಯ್ಯುತ್ತಾರೆ. ಬೆಳಗಿನಿಂದ ಅವನು ಅದನ್ನೇ ಮಾಡಿದ್ದ. ಮುದ್ರೆಯನ್ನು ಮಸಿಗೆ ಒತ್ತಿ, ಚೀಟಿಯ ಮೇಲೆ ಗುಂಡಗೆ, ಅಚ್ಚುಕಟ್ಟಾಗಿ ಇಳಿಸಿದ. ಲಕೋಟೆಯನ್ನು ಎರಡು ಬೆರಳಲ್ಲಿ ಹಿಡಿದು ಚಾಚಿದ.

“ಭಾರೀ ಚಲೋ ಬಿದ್ದೈತಿ ನೋಡ್ರಿ. ತಗೋರಿ.”

ಪ್ರಭುಲಿಂಗಪ್ಪ ಮುದ್ರೆಯನ್ನು ನೋಡಿದ. ನಿಜಕ್ಕೂ ಚೆನ್ನಾಗಿ ಬಿದ್ದಿತ್ತು, ಒಂದು ಅಕ್ಷರವೂ ಹರಡಿರಲಿಲ್ಲ.

“ವಾಪಸ್ ಬ್ಯಾಡ,” ಎಂದ. “ಚೀಲಕ್ಕ ಹಾಕು.”

ಫಕ್ಕೀರೇಶ ಅವನ ಮುಖ ನೋಡಿದ, ಲಕೋಟೆ ನೋಡಿದ. ಕಾಲಬಳಿ ಬೆಳಗಿನಿಂದ ಬರಿದಾಗಿ ಬಿದ್ದಿದ್ದ ಟಪಾಲು ಚೀಲವನ್ನು ಎತ್ತಿ, ಬಾಯಿ ಅಗಲಿಸಿ, ಅದರೊಳಕ್ಕೆ ಬಿಟ್ಟ.