ಹಳದಿಯಡಿಯ ದಾವೂದ್

ಪಾಂಡವಪುರದ ದಾವೂದ್ ಸಾಹೇಬರ ವರ್ಕ್‌ಶಾಪಿಗೆ ಬಾಗಿಲಿರಲಿಲ್ಲ. ಮೇಲೆ ತಗಡು, ಮೂರು ಕಡೆ ಗೋಡೆ, ಇನ್ನೊಂದು ಕಡೆ ರಸ್ತೆ, ಅಷ್ಟೆ. ಟ್ರಾಕ್ಟರಿನ ಟ್ರೈಲರು ಕಟ್ಟುವುದರಲ್ಲಿ ಅವರದು ಎತ್ತಿದ ಕೈ. ಅವರು ಕಟ್ಟಿದ್ದಕ್ಕೆ ಬಣ್ಣ ಹೊಡೆದು ಅಕ್ಷರ ಬರೆಯುವವನು ನಾನು, ಪೇಂಟರ್ ಶಿವಲಿಂಗಯ್ಯ.

ನಮ್ಮ ಕಡೆ ಒಂದು ರೂಢಿ. ಟ್ರೈಲರಿನ ಹಿಂಬಾಗಿಲ ಮೇಲೆ ಮಾಲೀಕನ ಮನೆದೇವರ ಹೆಸರು, ಅದರ ಕೆಳಗೆ ಕಟ್ಟಿದವನ ಹೆಸರು, ಊರು. ಕಟ್ಟಿದವನಿಗೆ ಬೋರ್ಡು ಅಂದರೂ ಅದೇ, ಬಿರುದು ಅಂದರೂ ಅದೇ. ಹದಿನೇಳು ವರ್ಷ ನಾನು ‘ದಾವೂದ್ ವರ್ಕ್ಸ್, ಪಾಂಡವಪುರ’ ಅಂತ ಹಳದಿಯ ಮೇಲೆ ಕೆಂಪಿನಲ್ಲಿ ಬರೆದಿದ್ದೆ. ಒಂದು ದಿನವೂ ಸಾಹೇಬರು ಚೆನ್ನಾಗಿದೆ ಅಂದವರಲ್ಲ. “ದಾ ಸೊಟ್ಟಗದೆ ಕಣಯ್ಯ” ಅನ್ನುವರು, ಬೀಡಿ ಹಚ್ಚುವರು.

ತೊಂಬತ್ತಮೂರರ ಮಾರ್ಚಿನಲ್ಲಿ ಬೊಂಬಾಯಿಯಲ್ಲಿ ಬಾಂಬು ಸಿಡಿದವು. ಆಮೇಲೆ ಪೇಪರಿನಲ್ಲಿ ದಿನಾ ಒಬ್ಬನದೇ ಹೆಸರು, ದಾವೂದ್. ಮೊದಮೊದಲು ಗಿರಾಕಿಗಳಿಗೆ ತಮಾಷೆ. “ಏನ್ ಸಾಬ್ರೆ, ದುಬೈಯಿಂದ ಯಾವಾಗ ಬಂದ್ರಿ?” ಅನ್ನುವರು. “ಬೆಳಗಿನ ಬಸ್ಸಿಗೆ ಕಣಪ್ಪ. ಸೀಟು ಸಿಗ್ನಿಲ್ಲ, ನಿಂತ್ಕಂಡೇ ಬಂದೆ” ಅಂತ ಸಾಹೇಬರೂ ನಗಿಸುವರು. ಅದೇ ಮಾತನ್ನು ನಲವತ್ತು ಜನ ಆಡಿದ ಮೇಲೆ ಅವರು ಉತ್ತರ ಕೊಡುವುದನ್ನು ಬಿಟ್ಟರು.

ಡಿಸೆಂಬರಿನಲ್ಲಿ ಹೊಸಹೊಳಲಿನ ಚಿಕ್ಕಸ್ವಾಮಿ ತನ್ನ ಹೊಸ ಟ್ರೈಲರು ಒಯ್ಯಲು ಬಂದ. ನಾನು ಆಗಷ್ಟೇ ಬರೆದು ಮುಗಿಸಿ ಬ್ರಷ್ಷು ತೊಳೆಯುತ್ತಿದ್ದೆ. ಅವನು ಸುತ್ತ ಒಂದು ಸಲ ಬಂದು, ಟಯರಿಗೆ ಒದ್ದು, ಹಿಂಬಾಗಿಲ ಮುಂದೆ ನಿಂತ.

“ಕೆಳಗಲ ಹೆಸ್ರು ತೆಗ್ದ್‌ಬುಡು ಪೇಂಟ್ರೆ.”

“ಯಾಕ್ಲಾ?” ಅಂದರು ಸಾಹೇಬರು.

“ನಿಮ್ ಮ್ಯಾಲೆ ನಂಗೇನೂ ಇಲ್ಲ ಸಾಬ್ರೆ. ನಿಮ್ ಕೈ ಕೆಲ್ಸನೇ ಬೇಕು ಅಂತ ಅಲ್ಲಿಂದ ಬಂದಿವ್ನಿ. ಬತ್ತ ತುಂಬ್ಕಂಡು ಮೈಸೂರ್ಗೆ ಓಗ್ಬೇಕು, ದಾರೀಲಿ ಚೆಕಿಂಗು. ಈ ಹೆಸ್ರು ಇಂದೆ ತಗಲಾಕ್ಕಂಡು ಓದ್ರೆ ಬುಟ್ಟಾರಾ?”

“ನಾನು ಹುಟ್ಟಿದಾಗ ಅವ್ನಿನ್ನೂ ಹುಟ್ಟೇ ಇರ್ನಿಲ್ಲ. ನನ್ ಹೆಸ್ರ ಅವ್ನು ಇಟ್ಕಂಡವ್ನೆ, ಅವ್ನ ಹೆಸ್ರ ನಾನಲ್ಲ.”

“ಅದು ನಿಮ್ಗೂ ಗೊತ್ತು, ನಂಗೂ ಗೊತ್ತು. ಪೋಲೀಸ್ನೋನ್ಗೆ ಯಾರು ಯೋಳೋರು?”

ಸಾಹೇಬರು ಕೈಯಲ್ಲಿದ್ದ ಸುತ್ತಿಗೆಯನ್ನು ನೆಲಕ್ಕಿಟ್ಟರು. “ದಿನಾ ಬೆಳಿಗ್ಗೆ ಕುಲುಮೆ ಹಚ್ಚೋವಾಗ ನಾನು ಯಾರ ಹೆಸ್ರು ಹೇಳ್ತೀನಿ ಗೊತ್ತೇನ್ಲಾ? ಹಜ್ರತ್ ದಾವೂದ್ ಪೈಗಂಬರ್. ಕಬ್ಬಿಣ ಅವ್ರ ಕೈಯಾಗೆ ಮೇಣ ಆಗೋದು. ನಮ್ಮಪ್ಪ, ನಮ್ಮಪ್ಪನ ಅಪ್ಪ, ಎಲ್ಲಾ ಆ ಹೆಸ್ರೇಳಿ ಸುತ್ತಿಗೆ ಎತ್ತಿದೋರು. ಕುಲುಮೆ ಮುಂದೆ ಹುಟ್ಟಿದ ಮಗ ಅಂತ ನಂಗೂ ಅದನ್ನೇ ಇಟ್ರು.”

ನಾನು ಸುಮ್ಮನಿರಬಹುದಿತ್ತು. ಇರಲಿಲ್ಲ. ಶಾಲೆಯಲ್ಲಿ ನಾನು ಕಲಿತದ್ದು ನಾಲ್ಕನೇ ಕ್ಲಾಸು. ಮಿಕ್ಕಿದ್ದು ಬಸ್ಸಿಗೆ ಕಾಯುವಾಗ ಕೆ.ಆರ್. ಪೇಟೆಯ ಲೈಬ್ರರಿಯಲ್ಲಿ. ಗಿರಾಕಿಗಳ ತಮಾಷೆ ನನ್ನನ್ನೂ ರೇಗಿಸಿ, ಈ ಹೆಸರಿನ ಬಗ್ಗೆ ಸಿಕ್ಕಿದ್ದನ್ನೆಲ್ಲ ಸಿಗರೇಟು ಪ್ಯಾಕಿನ ಹಿಂದೆ ಬರೆದಿಟ್ಟುಕೊಂಡಿದ್ದೆ. ಅದನ್ನು ಜೇಬಿನಿಂದ ತೆಗೆದೆ.

“ಕೇಳಿ ಚಿಕ್ಕಸ್ವಾಮಣ್ಣ. ಇದು ಹೀಬ್ರೂ ಭಾಷೆ ಹೆಸರು. ಪ್ರೀತಿಪಾತ್ರ ಅಂತ ಅರ್ಥ. ಚರ್ಚಿನೋರು ದಾವೀದ ರಾಜ ಅಂತಾರಲ್ಲ, ಸಾಬ್ರ ಪೈಗಂಬರು, ಇಬ್ರೂ ಒಬ್ಬರೇ. ಕವಣೆ ಬೀಸಿ ರಾಕ್ಷಸನಂಥೋನ ಬೀಳಿಸಿದ ಹುಡುಗ. ಇಟಲೀಲಿ ಅವನನ್ನ ಅಮೃತಶಿಲೇಲಿ ಮೂರಾಳೆತ್ತರ ಕಡೆದವ್ರೆ.”

“ಬಟ್ಟೆ ಆಕವ್ರಾ?”

“ಇಲ್ಲ.”

“ಥೂ.”

“ಫ್ರಾನ್ಸಲ್ಲಿ ಡೇವಿಡ್ ಅಂತ, ಇದೇ ಹೆಸರೇ, ಒಬ್ಬ, ಅಲ್ಲಿ ರಾಜನ್ನ ಇಳಿಸಿದಾಗ ಆ ಗಲಾಟೆ ಕಾಲದ ಚಿತ್ರ ಬರೆದೋನು. ನನ್ನಂಗೇ ಪೇಂಟ್ರು ಅನ್ನಿ. ಅಮೆರಿಕಾದಲ್ಲಿ ಇನ್ನೊಬ್ಬ. ಹುಟ್ಟಿದಾಗ ಇಟ್ಟಿದ್ದು ಡೇವಿಡ್ ಅಂತಲೇ, ಆಮೇಲೆ ಬೇರೆ ಹೆಸರು ಮುಂದೆ ಹಾಕ್ಕಂಡ. ಸರ್ಕಾರ ಆಳುಗಳನ್ನ ದನದಂಗೆ ಮಾರೋಕೆ ಬಿಟ್ಟದೆ ಅಂತ ಕಂದಾಯ ಕಟ್ಟದೆ ಜೈಲಿಗೆ ಹೋದ. ಗಾಂಧಿ ಅವನು ಬರೆದದ್ದನ್ನ ಓದವ್ರೆ.”

ಚಿಕ್ಕಸ್ವಾಮಿ ತಿರುಗಿದ. “ಕಂದಾಯ ಕಟ್ದೆ ಜೈಲಿಗೋದ್ನಾ? ಅಂಗಾದ್ರೆ ನಮ್ ಪೈಕಿನೇ ಬುಡು.” ಹಸಿರು ಶಾಲು ಹೊದ್ದು ಅವನೂ ಮೂರು ದಿನ ಒಳಗಿದ್ದು ಬಂದವನು. ಪ್ಯಾಕನ್ನು ಕೈಗೆ ತೆಗೆದುಕೊಂಡು, ಓದದೆ, ವಾಪಸು ಕೊಟ್ಟ. “ಇಷ್ಟು ಜನ ಒಳ್ಳೇರು ಇದ್ರೂ ಒಬ್ಬ ಕೆಟ್ಟೋನೇ ಗೆದ್ಬುಟ್ಟ ನೋಡು. ಇದ್ನ ಟ್ರೈಲರ್ಗೆ ಅಂಟಿಸ್ಕಂಡು ಓಗಕಾಯ್ತದಾ? ಅಳ್ಸು.”

ಸಾಹೇಬರ ಮಗ ಯಾಸಿನ್ ಒಳಗಿಂದ ಬಂದು ತಂದೆಯ ಭುಜ ಮುಟ್ಟಿದ. “ಬಿಡಿ ಅಬ್ಬಾ. ಒಂದು ಟ್ರೈಲರ್ಗೆ ಹೆಸ್ರಿಲ್ದಿದ್ರೆ ಏನಾಯ್ತದೆ?”

“ಒಂದಾ? ಇದು ಆರನೇದು” ಅಂದರು ಸಾಹೇಬರು. ನನ್ನ ಕಡೆ ನೋಡಲಿಲ್ಲ. “ಅಳ್ಸಯ್ಯ ಶಿವ್ಲಿಂಗಯ್ಯ.” ವೆಲ್ಡಿಂಗ್ ಕನ್ನಡಕ ಹಾಕಿಕೊಂಡು ಕೂತರು. ಕಿಡಿ ಮಾತ್ರ ಬರಲಿಲ್ಲ.

ನನಗೆ ಯಾರ ಮೇಲೆ ಸಿಟ್ಟು ಅಂತ ನನಗೇ ಗೊತ್ತಿರಲಿಲ್ಲ. ಹಳದಿ ಡಬ್ಬ ಕಿತ್ತು, ಬರಬರನೆ ಎರಡು ಕೋಟು ಎಳೆದು ಮನೆಗೆ ಹೋದೆ. ಅಲ್ಲೇ ತಪ್ಪಿದ್ದು. ಕೆಂಪಿನ ಮೇಲೆ ಹಳದಿ ಹೊಡೆಯುವ ಮೊದಲು ನಡುವೆ ಒಂದು ಕೋಟು ಸಿಲ್ವರ್ ಹೊಡೆಯಬೇಕು. ಇಲ್ಲದಿದ್ದರೆ ಬಿಸಿಲಿಗೆ ಒಳಗಿನ ಕೆಂಪು ಮೇಲೇಳುತ್ತದೆ. ಈ ಕಸುಬಿನ ಮೊದಲ ಪಾಠ ಅದು.

ಇಪ್ಪತ್ತೇ ದಿನಕ್ಕೆ ಚಿಕ್ಕಸ್ವಾಮಿ ಟ್ರೈಲರನ್ನು ತಂದು ವರ್ಕ್‌ಶಾಪಿನ ಮುಂದೆ ಅಡ್ಡ ನಿಲ್ಲಿಸಿದ. ಹಳದಿಯ ಮೇಲೆ ‘ದಾವೂದ್ ವರ್ಕ್ಸ್’ ನಸುಗೆಂಪಾಗಿ, ಮೈಮೇಲೆ ಗಂಧೆ ಎದ್ದ ಹಾಗೆ ಎದ್ದಿತ್ತು.

“ನಿನ್ ಕೆಲ್ಸಾವ ನೀನೇ ನೋಡ್ಕೊ ಪೇಂಟ್ರೆ. ಬಾಬುರಾಯನಕೊಪ್ಪಲ ತಾವು ಪೋಲೀಸ್ನೋರು ಕೈ ಅಡ್ಡ ಆಕುದ್ರು. ‘ಏನೋ ಬರ್ದು ಅಳ್ಸಿದ್ದೀಯಲ್ಲ, ಯಾಕಳ್ಸಿದೆ?’ ಅಂದ್ರು. ಏನಂತ ಯೋಳನಾ? ಅಷ್ಟೂ ಮೂಟೆ ಕೆಳಗಿಳ್ಸಿ ನೋಡುದ್ರು. ಅಷ್ಟೊತ್ಗೆ ನಿಮ್ದೇ ಇನ್ನೊಂದು ಟ್ರೈಲರು ಬಂತು ಸಾಬ್ರೆ, ದಾವೂದ್ ಅಂತ ಇಷ್ಟ್ ದಪ್ಪ ಬರ್ಕಂಡು. ಅವ್ನ ಒಬ್ನೂ ಕೇಳ್ನಿಲ್ಲ. ಕೈ ಬೀಸ್ಕಂಡು ಓದ, ನನ್ಮಗ.”

ಯಾಸಿನ್ ನಕ್ಕುಬಿಟ್ಟ. ನಾನೂ. ಸಾಹೇಬರು ನಗಲಿಲ್ಲ.

“ಸಿಲ್ವರ್ ಹೊಡ್ದು ಸರ್ಯಾಗಿ ಅಳ್ಸಯ್ಯ” ಅಂದರು.

“ಅಳ್ಸೋದ್ ಬ್ಯಾಡ, ಬರೀಲಿ ಬುಡಿ” ಅಂದ ಚಿಕ್ಕಸ್ವಾಮಿ.

“ಬ್ಯಾಡ ಅಂದಾಗ ಅಳ್ಸಕ್ಕೆ, ಬೇಕು ಅಂದಾಗ ಬರ್ಯಕ್ಕೆ ಇದೇನ್ಲಾ ಎಲೆಕ್ಷನ್ ಗೋಡೆನಾ? ನಮ್ಮಪ್ಪ ಕಿವೀಲಿ ಹೇಳಿ ಇಟ್ಟ ಹೆಸ್ರು. ಬೇಡ್ಕಂಡು ಬರ್ಸೋದೂ ಇಲ್ಲ, ನಿಂಗೆ ಅನುಕೂಲ ಅಂತ ಬರ್ಸೋದೂ ಇಲ್ಲ. ಅಳ್ಸು.”

ಚಿಕ್ಕಸ್ವಾಮಿ ತಪ್ಪಾಯಿತು ಅನ್ನುವ ಪೈಕಿ ಅಲ್ಲ. ಅವನ ಬಾಯಲ್ಲಿ ಆ ಮಾತು ಹುಟ್ಟಿದ್ದನ್ನು ಅವನ ಹೆಂಡತಿಯೂ ಕೇಳಿರಲಾರಳು. ಹೆಗಲ ಟವೆಲು ತೆಗೆದು, ಬಕೆಟ್ಟಿನ ನೀರಿಗೆ ಅದ್ದಿ, ಹಿಂಬಾಗಿಲನ್ನು ಒರೆಸತೊಡಗಿದ. ಮೇಲಿಂದ ಕೆಳಗೆ, ಆ ನಸುಗೆಂಪು ಅಕ್ಷರದ ಒಂದೊಂದು ಸಂದಿನಲ್ಲೂ.

“ಏನ್ಲಾ ಮಾಡ್ತಿದ್ದೀಯ?”

“ಬತ್ತದ ದೂಳು ಕೂತದೆ ಸಾಬ್ರೆ. ಬಣ್ಣ ಇಡ್ಯಕಿಲ್ಲ.” ತಿರುಗಿ ನೋಡದೆ ಒರೆಸುತ್ತಲೇ ಇದ್ದ. ಬಿಳಿ ಟವೆಲು ಮಣ್ಣಾಯಿತು.

ಸಾಹೇಬರು ಅಳಿಸು ಅಂತ ನಾಲ್ಕನೇ ಸಲ ಹೇಳಲಿಲ್ಲ. ನಾನು ಸಿಲ್ವರ್ ಡಬ್ಬ ಬದಿಗೆ ತಳ್ಳಿ ಕೆಂಪು ತೆಗೆದೆ. ಮೇಲೆದ್ದಿದ್ದ ಅಕ್ಷರದ ಮೇಲೇ ಬ್ರಷ್ಷು ನಡೆಸಿದೆ. ಅಷ್ಟು ಹೊತ್ತೂ ಅವರು ಬೆನ್ನು ತಿರುಗಿಸಿಕೊಂಡು, ನುಣುಪಾಗಿಯೇ ಇದ್ದ ಒಂದು ಕೊಂಡಿಯನ್ನು ಅರದಿಂದ ಉಜ್ಜುತ್ತಿದ್ದರು.

ಚಿಕ್ಕಸ್ವಾಮಿ ಹೋದ ಮೇಲೆ ಎದ್ದು ಬಂದರು.

“ದಾ ಸೊಟ್ಟಗಿತ್ತು.”

“ಹೋಯ್ತಲ್ಲ ಸಾಬ್ರೆ, ಇನ್ನೇನು?” ಅಂತ ರೇಗಿದೆ. ಒಳಗೆ ನಾಗಮಂಗಲದ ಗಿರಾಕಿಯ ಟ್ರೈಲರು ಬಣ್ಣಕ್ಕೆ ಕಾಯುತ್ತಿತ್ತು. ಅವನು ಹೆಸರು ಬೇಡ ಅಂತ ಅಡ್ವಾನ್ಸು ಕೊಡುವ ದಿನವೇ ಹೇಳಿ ಹೋಗಿದ್ದ. ಇದಕ್ಕೇನು ಬರೆಯಲಿ ಅಂತ ಕೇಳಿದೆ.

ಸಾಹೇಬರು ಬೀಡಿ ಹಚ್ಚಿದರು.

“ಅವ್ರ ಮನೆದೇವ್ರು ಬರಿ. ಕೆಳಗೆ ಜಾಗ ಬುಡು.”

“ಎಷ್ಟು?”

“ಹದಿನೇಳು ವರ್ಸದಿಂದ ಬರೀತಿದ್ದೀಯ, ನಂಗೇ ಕೇಳ್ತೀಯಾ?”