ಕೈಗುಣದ ಮಾತು

ಕೆಳಗಿನ ಅಟ್ಟಣೆಯ ಹುಳುಗಳಲ್ಲಿ ಹಣ್ಣಾದವನ್ನು ಮಾತ್ರ ಆರಿಸಿ ಕಾವೇರಮ್ಮ ತಟ್ಟೆಗೆ ಹಾಕಿಕೊಳ್ಳುತ್ತಿದ್ದಳು. ಹಣ್ಣಾದ ರೇಷ್ಮೆಹುಳು ಸೊಪ್ಪು ಮುಟ್ಟುವುದಿಲ್ಲ, ತಲೆ ಎತ್ತೆತ್ತಿ ಏನನ್ನೋ ಹುಡುಕುತ್ತದೆ. ತಡಮಾಡಿದರೆ ಕಸದ ನಡುವೆಯೇ ನೂಲು ಬಿಟ್ಟು ಕೆಡುತ್ತದೆ. ಈ ಒಂದು ದಿನ ಗುಡೇಮಾರನಹಳ್ಳಿಯ ಆ ಮನೆಯಲ್ಲಿ ತಿಂಡಿಯ ನೆನಪೂ ಯಾರಿಗೂ ಇರುವುದಿಲ್ಲ.

ತಟ್ಟೆ ತುಂಬಿತು. ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಯ ಕಡೆಗೆ ಅವಳು ತಿರುಗಿದಾಗ ಗಂಡ ಅನಂತರಾಜು ಇರು ಎಂದು ತಡೆದ. ಬಾಗಿಲಲ್ಲಿ ಮೂಗು ಮುಚ್ಚಿಕೊಂಡು ನಿಂತಿದ್ದ ಲತಾಮಣಿಯನ್ನು ಒಳಗೆ ಕರೆದ. ಅವಳು ಮೈದುನ ಲೋಕೇಶನ ಹೆಂಡತಿ. ರಾಮನಗರ ಪೇಟೆಯಲ್ಲಿ ಬೆಳೆದವಳು, ಮದುವೆಯಾಗಿ ಮೂರು ತಿಂಗಳಾದರೂ ಹುಳದ ಮನೆಗೆ ಕಾಲಿಟ್ಟಿರಲಿಲ್ಲ.

"ಮೊದಲ್ನೇ ಹುಳ ನೀನು ಬುಡವ್ವ," ಎಂದ. "ಕೆಲವ್ರ ಕೈಗೆ ಹುಳ ಒಲೀತದೆ. ನಿನ್ನ ಕೈ ನೋಡುದ್ರೆ ನಂಗಂಗೇ ಅನ್ನುಸ್ತದೆ."

ಹತ್ತೊಂಬತ್ತು ವರ್ಷದ ಕೆಳಗೆ, ಇದೇ ಜಾಗದಲ್ಲಿ, ಮಾವ ಬೋರಲಿಂಗಯ್ಯ ಕಾವೇರಮ್ಮನಿಗೆ ಹೇಳಿದ್ದು ಇದೇ ಮಾತು. ಒಂದಕ್ಷರವೂ ಬದಲಾಗಿರಲಿಲ್ಲ.

ಆ ಮಾತಿಗಾಗಿ ಅವಳು ವರ್ಷಗಟ್ಟಲೆ ಬೆಳಗಿನ ನಾಲ್ಕಕ್ಕೇ ಎದ್ದು ಸೊಪ್ಪು ಕೊಯ್ದಿದ್ದಳು. ಹುಳುವಿಗೆ ಘಾಟು ಆಗದೆಂದು ತಿಂಗಳುಗಟ್ಟಲೆ ಒಗ್ಗರಣೆ ಹಾಕಿರಲಿಲ್ಲ, ಮಲ್ಲಿಗೆ ಮುಡಿದಿರಲಿಲ್ಲ. ತಂಗಿಯ ಮದುವೆಗೆ ಧಾರೆಯ ಹೊತ್ತಿಗೆ ಹೋಗಿ ಊಟಕ್ಕೂ ನಿಲ್ಲದೆ ಬಂದಿದ್ದಳು.

ಲತಾಮಣಿ ಕಣ್ಣು ಕಿರಿದು ಮಾಡಿ ಒಂದು ಹುಳು ಬಿಟ್ಟಳು. ಅದು ಮೆಲ್ಲಗೆ ಬಿದಿರಿನ ಸುತ್ತಿಗೆ ಹತ್ತಿಕೊಂಡಿತು. ಅವಳ ಮುಖ ಅರಳಿತು. ಲೋಕೇಶನಿಗೆ ಹೇಳಲು ಓಡಿದಳು.

ಅವಳು ಮರೆಯಾದ ಮೇಲೆ ಅನಂತರಾಜು ನಕ್ಕ. "ಅಪ್ಪನ ಮದ್ದು ಇದು. ಬೈದ್ರೆ ಒಂದಿನ ಗೇಯ್ತಾರೆ, ಕೈಗುಣ ಅಂದ್ರೆ ಕೊನೇಗಂಟ ಗೇಯ್ತಾರೆ ಅನ್ನೋನು."

"ನಂಗೂ ಅದೇ ಮದ್ದು ಕುಡಿಸಿದ್ರಾ?"

"ಬೆಳೆ ಬಂತಲ್ಲ, ಬುಡು."

"ನಾನಿಲ್ದಿದ್ದಾಗ ಒಂದ್ ಬೆಳೆ ಓಯ್ತಲ್ಲ? ಆಪರೇಸನ್ ಆದ ವರ್ಸ?"

ಆ ವರ್ಷ ಗರ್ಭಕೋಶ ತೆಗೆಸಿಕೊಂಡು ಅವಳು ಕಲ್ಯದ ತವರಿನಲ್ಲಿದ್ದಳು. ಎರಡು ತಿಂಗಳು ಬಗ್ಗಬಾರದೆಂದು ಡಾಕ್ಟರು ಹೇಳಿದ್ದರು. ಒಂಬತ್ತನೇ ದಿನ ಮಾವನ ಫೋನು ಬಂತು. ನಿನ್ನ ಕೈಯಿಲ್ಲದೆ ಹುಳುವೆಲ್ಲ ರೋಗ ಬಡಿದು ಸತ್ತವು ಮಗಳೇ, ನಾಳೆ ಹೊಸ ಮರಿ ಬರ್ತವೆ, ಅವನ್ನಾದರೂ ಉಳಿಸು ಎಂದಿದ್ದರು. ಅವಳು ಅತ್ತು, ಮರುದಿನವೇ ಹಸಿ ಹೊಲಿಗೆಯಲ್ಲಿ ಬಸ್ಸು ಹತ್ತಿದ್ದಳು. ಗಾಯ ಬಿಚ್ಚಿ ಕೀವಾಗಿ, ಮಾಯಲು ಐದು ತಿಂಗಳು ಹಿಡಿದಿತ್ತು.

"ಎಲ್ಲೋಯ್ತು? ಚೆನ್ನಾಗೇ ಬಂದಿತ್ತು, ನೀನು ಬರೋ ಮುಂಚೆನೇ ಗೂಡು ಮಾರಾಗಿತ್ತು," ಎಂದ ಅನಂತರಾಜು ಚಂದ್ರಿಕೆಯ ಧೂಳು ತಟ್ಟುತ್ತ. "ಅಂಗನ್ನದಿದ್ರೆ ನೀನು ಬತ್ತಿದ್ದಾ?"

"ನಿಮಗೊತ್ತಿತ್ತಾ?"

"ನಂಬರ್ ಒತ್ತಿ ಕೊಟ್ಟಿದ್ದೇ ನಾನು."

ಹಳೆಯ ತಮಾಷೆ ಹೇಳುವವನ ಹಾಗೆ ಹೇಳಿ ಇನ್ನೊಂದು ಚಂದ್ರಿಕೆ ತರಲು ಹೊರಗೆ ಹೋದ. ಕೇಳೋಣವೆಂದರೆ ಮಾವ ಸತ್ತು ಎರಡು ವರ್ಷವಾಗಿತ್ತು. ಸಾಯದ ಹುಳುಗಳಿಗಾಗಿ ತಾನು ಅಷ್ಟೆಲ್ಲ ಅತ್ತಿದ್ದೆ ಎಂಬುದೇ ಕಾವೇರಮ್ಮನ ತಲೆಯಲ್ಲಿ ಸುತ್ತುತ್ತಿತ್ತು.

ಅಟ್ಟಣೆಯಲ್ಲಿ ಹುಳುಗಳು ತಲೆ ಎತ್ತಿ ಕಾಯುತ್ತಿದ್ದವು. ಅವಳ ಕೈ ಅತ್ತ ಹೋಯಿತು. ಈಗ ಯಾರೂ ಏನೂ ಹೇಳಿರಲಿಲ್ಲ, ಆದರೂ ಬೆರಳುಗಳು ಒಂದೂ ತಪ್ಪದೆ ಹಣ್ಣಾದುದನ್ನೇ ಎತ್ತುತ್ತಿದ್ದವು. ತಣ್ಣಗಿನ ಆ ಮೈ ಅಂಗೈಯಲ್ಲಿ ಹೊರಳುವುದು ಅವಳಿಗೆ ಇವತ್ತೂ ಹಿತವೇ ಆಗಿತ್ತು. ತನಗೆ ಈ ಹುಳುಗಳ ಮೇಲೆ ಪ್ರೀತಿಯೋ, ಅಥವಾ ಆ ಮಾತು ಇಷ್ಟು ವರ್ಷ ಒಳಗೆ ಕೂತು ಪ್ರೀತಿಯಂತೆ ಆಡುತ್ತಿದೆಯೋ? ಗೊತ್ತಾಗಲಿಲ್ಲ. ಗೊತ್ತಾಗದಂತೆ ಮಾಡಿಟ್ಟರಲ್ಲ, ಸಿಟ್ಟು ಬಂದದ್ದು ಅದಕ್ಕೇ.

ಲತಾಮಣಿ ಮರಳಿ ಬಂದು, ಇನ್ನೊಂದಷ್ಟು ಬಿಡಲಾ ಅಕ್ಕ ಎಂದು ಕೇಳಿದಳು. ಒತ್ತಿ ಹಿಡಿಯಬೇಡ ಎಂದಷ್ಟೇ ಹೇಳಿ ಕಾವೇರಮ್ಮ ತಟ್ಟೆಯನ್ನು ಅವಳತ್ತ ಸರಿಸಿದಳು.

ಮನಸ್ಸಿನಲ್ಲೇ ಗೊತ್ತುಮಾಡಿಕೊಂಡಳು: ಮುಂದಿನ ಮರಿ ಬರುವ ಹಿಂದಿನ ದಿನ ಕನಕಪುರದ ಅಕ್ಕನ ಮನೆಗೆ ಹೊರಡುವುದು. ಗೂಡು ಬಿಡಿಸುವ ತನಕ ಫೋನು ತೆಗೆಯುವುದಿಲ್ಲ. ಬೆಳೆ ಬಂತೋ ಹೋಯಿತೋ ಯಾರ ಬಾಯಿಂದಲೂ ಕೇಳುವುದಿಲ್ಲ. ಅಷ್ಟು ದಿನದಲ್ಲಿ ಕೈ ತಾನಾಗಿ ಹುಳು ಬೇಡಿದರೆ ಈ ಹುಳದ ಮನೆಯೊಳಗೆ ಬರುವುದು, ಬೇಡದಿದ್ದರೆ ಇಲ್ಲ.

ಅನಂತರಾಜು ಚಂದ್ರಿಕೆ ಹೊತ್ತು ಬಂದು ಎಲ್ಲಿಡಲಿ ಎಂದ. ಕಿಟಕಿಯ ಕಡೆಗೆ ಇಡಿ ಎಂದಳು.