ವೀಳ್ಯದೆಲೆಯ ಮರೆ

ಈ ಪರದೇಶದಲ್ಲಿ ನಮ್ಮ ಮನೆ ಕಾಂಡೋ ಅಪಾರ್ಟ್‌ಮೆಂಟಿನ ನೆಲಮಹಡಿಯಲ್ಲಿದೆ. ಹಾಲ್‌ನ ಗಾಜಿನ ಬಾಗಿಲು ದಾಟಿದರೆ ಸಣ್ಣ ಕೈತೋಟ, ಅದರ ಅಂಚಿಗೆ ಸೊಂಟದೆತ್ತರದ ಕಂಬಿ, ಕಂಬಿಯಾಚೆ ಸ್ವಿಮಿಂಗ್ ಪೂಲ್‌ಗೆ ಹೋಗುವ ದಾರಿ. ಹೋಗುವವರೆಲ್ಲ ಒಳಗೆ ನೋಡುತ್ತಾರೆ. "ಮೀನಿನ ತೊಟ್ಟಿ ಥರ ಇದೆ, ಏನಾದ್ರೂ ಮರೆ ಕಟ್ಟೋಣ" ಅಂತ ನನ್ನ ಗಂಡ ಕೌಶಿಕ್ ಹೇಳುತ್ತಿದ್ದ. ಬೆಳಕು ಹೋಗುತ್ತೆ, ಬೇಡ ಅಂತ ನಾನು.

ಕಳೆದ ಸೆಪ್ಟೆಂಬರಿನಲ್ಲಿ ಅವನು ಬ್ಯಾಡ್ಮಿಂಟನ್ ಆಡುತ್ತಿದ್ದಾಗ ಕುಸಿದು ಬಿದ್ದ. ಮತ್ತೆ ಏಳಲಿಲ್ಲ.

ಆಮೇಲೆ ದಾರಿಯಲ್ಲಿ ಹೋಗುವವರು ನಮ್ಮ ಕಂಬಿಯ ಹತ್ತಿರ ಬಂದಾಗ ಮಾತು ನಿಲ್ಲಿಸತೊಡಗಿದರು. ನಾನು ಊಟಕ್ಕೆ ಕೂತರೆ ನೋಡುತ್ತಿದ್ದರು, ಕೂರದಿದ್ದರೂ ನೋಡುತ್ತಿದ್ದರು.

ಬಿದಿರಿನ ತಟ್ಟಿ ತಂದು ಕಟ್ಟಿದೆ. ಮರುದಿನವೇ ಮ್ಯಾನೇಜ್‌ಮೆಂಟ್ ಆಫೀಸಿನವರು ತೆಗೆಸಿದರು. ಹೊರಗಿನಿಂದ ಚೆನ್ನಾಗಿ ಕಾಣುವುದಿಲ್ಲವಂತೆ. ಗಿಡ ಬೆಳೆಸಬಹುದು ಅಂದರು. ಮೂಲೆಯ ಕುಂಡದಲ್ಲಿ ಕೌಶಿಕ್ ನೆಟ್ಟ ವೀಳ್ಯದೆಲೆ ಬಳ್ಳಿ ಇತ್ತು. ಕುಂಡಗಳಲ್ಲಿ ಕೋಲು ನೆಟ್ಟು, ತಂತಿ ಬಿಗಿದು, ಕಂಬಿಯುದ್ದಕ್ಕೂ ಅದನ್ನು ಹಬ್ಬಿಸಿದೆ. ಇಲ್ಲಿಯ ಸೆಕೆಗೂ ಮಳೆಗೂ ಅದು ಬೇಗ ಬೆಳೆಯಿತು. ಒಂದು ಎಲೆಯನ್ನೂ ಕೀಳಲಿಲ್ಲ. ಕೊನೆಗೆ ದಾರಿ ಕಾಣದಾಯಿತು.

ಮೊದಲೆಲ್ಲ ಪ್ರತಿವರ್ಷ ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಮೂರನೇ ಮಹಡಿಯ ಪ್ರಿಯಂವದಾ ಆಂಟಿ ಕಂಬಿಯ ಹತ್ತಿರ ನಿಂತು ಕೂಗುತ್ತಿದ್ದರು. "ಪ್ರಣತೀ, ಎಲೆ ಕೊಡೇ. ನಿಮ್ಮನೆ ಎಲೆ ಇಲ್ದಿದ್ರೆ ನಮ್ಮ ಲಕ್ಷ್ಮಿ ಬಾಯಿ ಕೆಂಪಾಗಲ್ಲ."

ಒಳಗಿಂದ ಕೌಶಿಕ್, "ಎಲೆ ನಮ್ದು, ಲಕ್ಷ್ಮಿ ನಿಮ್ಮನೇಲಿ! ಇದ್ಯಾವ ನ್ಯಾಯ ಆಂಟಿ?" ಅನ್ನುತ್ತಿದ್ದ.

ಈ ಸಲದ ಹಬ್ಬದ ಹಿಂದಿನ ದಿನ ನಾನು ಬಳ್ಳಿಯ ಹಿಂದೆ ಲ್ಯಾಪ್‌ಟಾಪ್ ಇಟ್ಟುಕೊಂಡು ಆಫೀಸಿನ ಕೆಲಸ ಮಾಡುತ್ತಿದ್ದೆ. ದಾರಿಯಲ್ಲಿ ಆಂಟಿಯ ದನಿ ಕೇಳಿಸಿತು. ಜೊತೆಗೆ ಪಕ್ಕದ ಬ್ಲಾಕಿಗೆ ಹೊಸದಾಗಿ ಬಂದ ವರ್ಣಿಕಾ.

"ಇಲ್ಲೇ ರಾಶಿ ಎಲೆ ಇದ್ಯಲ್ಲ ಆಂಟಿ. ಟೆಕ್ಕಾ ಮಾರ್ಕೆಟ್‌ವರೆಗೆ ಯಾಕೆ ಹೋಗ್ತೀರಾ?"

"ಶ್, ಮೆತ್ತಗೆ. ಎಲೆ ಕೇಳಿದ್ರೆ ಅವಳನ್ನ ಕರೀಬೇಕಾಗುತ್ತೆ."

"ಕರೀರಿ."

"ಕರೆದು? ಕುಂಕುಮದ ತಟ್ಟೆ ಹಿಡೀಬೇಕಾ, ಬೇಡ್ವಾ? ಹಿಡಿದ್ರೆ ನೋವು, ಹಿಡೀದಿದ್ರೆ ಅವಮಾನ. ನೀನೇ ಹೇಳು."

"ಪಾಪ. ಈಗ ಕಾಣಿಸೋದೂ ಇಲ್ಲ," ಅಂದಳು ವರ್ಣಿಕಾ.

"ಹೂಂ. ಒಂಥರಾ ಒಳ್ಳೇದೇ ಆಯ್ತು ಬಿಡು."

ಹೆಜ್ಜೆ ಸದ್ದು ದೂರವಾಯಿತು. ಅವರಿಗೆ ನನ್ನ ಮೇಲೆ ಕೆಟ್ಟ ಮನಸ್ಸಿರಲಿಲ್ಲ. ನನ್ನನ್ನು ನೋಡುವುದು ಅವರಿಗೂ ಕಷ್ಟವಾಗಿತ್ತು ಅಂತ ನನಗೆ ಹೊಳೆದೇ ಇರಲಿಲ್ಲ. ಈ ಬಳ್ಳಿ ಇಬ್ಬರಿಗೂ ಅನುಕೂಲವಾಗಿತ್ತು. ಹೀಗೇ ಬಿಟ್ಟರೆ ಇನ್ನು ಯಾರೂ ಈ ಕಂಬಿಯ ಹತ್ತಿರ ನಿಂತು ನನ್ನ ಹೆಸರು ಕೂಗುವುದಿಲ್ಲ.

ಕತ್ತರಿ ತಂದೆ. ನನ್ನ ಮುಖದ ಮಟ್ಟದಲ್ಲಿ ಎಲೆಗಳು ಚೆನ್ನಾಗಿದ್ದವು. ಅವನ್ನೇ ಕತ್ತರಿಸಿದೆ. ಒದ್ದೆ ಬಟ್ಟೆಯಲ್ಲಿ ಸುತ್ತಿ ಕಾದೆ.

ಆಂಟಿ ಮಾರ್ಕೆಟ್ಟಿನ ಚೀಲ ಹಿಡಿದು ಒಬ್ಬರೇ ವಾಪಸು ಬಂದರು. ಬಳ್ಳಿಯ ನಡುವೆ ನನ್ನ ಮುಖ ಕಂಡು ಬೆಚ್ಚಿದರು.

"ಅಯ್ಯೋ! ಏನೇ ಪ್ರಣತಿ, ಹೆದರಿಸಿಬಿಟ್ಯಲ್ಲೇ."

"ಎಲೆ ಆಂಟಿ."

ಅವರು ತಮ್ಮ ಚೀಲ ನೋಡಿಕೊಂಡರು. ಅದರ ಬಾಯಿಂದ ಎಲೆಯ ಕಟ್ಟು ಹೊರಗೆ ಕಾಣುತ್ತಿತ್ತು. ಕೈಯಿಂದ ಅದನ್ನು ಒಳಕ್ಕೆ ಒತ್ತಿದರು.

"ನಾವು ಮಾತಾಡಿದ್ದು ಕೇಳಿಸ್ತಾ?"

"ಎಲೆ ತಾನೇ ಆಂಟಿ, ಗೋಡೆ ಅಲ್ವಲ್ಲ."

ಅವರ ಕಣ್ಣು ತುಂಬಿತು. ನನ್ನದು ತುಂಬಲಿಲ್ಲ.

"ತಟ್ಟೆ ಎಲ್ಲರಿಗೂ ಹಿಡಿದ ಹಾಗೆ ನನಗೂ ಹಿಡೀರಿ," ಅಂದೆ. "ತಗೊಳ್ಳೋದು ಬಿಡೋದು ನಾನು ನೋಡ್ಕೋತೀನಿ."

ಕಂಬಿಯ ಮೇಲಿಂದ ಕೈ ಚಾಚಿ ಎಲೆ ಇಸಿದುಕೊಂಡರು. "ಸಂಜೆ ಬೇಗ ಬಾ ನಾಳೆ. ಕೋಸಂಬರಿ ನಿನ್ನ ಕೈಲೇ ಕಲಸಿಸ್ತೀನಿ," ಅಂದರು.

ಮರುದಿನ ಹೋದೆ. ಕೋಸಂಬರಿ ಕಲಸಿದೆ. ನನ್ನ ಸರದಿ ಬಂದಾಗ ಆಂಟಿ ತಟ್ಟೆ ಹಿಡಿದರು. ಅರಿಶಿನ ತಗೊಂಡೆ. ಕುಂಕುಮದ ಬಟ್ಟಲಿನವರೆಗೆ ಹೋದ ಬೆರಳು ಅಲ್ಲೇ ನಿಂತಿತು. ತಟ್ಟೆ ಅಲುಗಲಿಲ್ಲ, ಆಂಟಿ ನನಗಾಗಿ ಕಾದರು. ಬೆರಳು ಹಿಂದೆ ತೆಗೆದುಕೊಂಡೆ. ಮಡಿಲಿಗೆ ತಾಂಬೂಲ ಬಂತು. ಎಲೆ ನಮ್ಮನೆಯದೇ.

ಇಳಿದು ಬರುವಾಗ ಪೂಲಿನ ದಾರಿಯಿಂದಲೇ ಬಂದೆ. ಒಳಗೆ ದೀಪ ಆರಿಸದೆ ಹೋಗಿದ್ದೆ. ಬಳ್ಳಿಯ ಕಿಂಡಿಯ ಹತ್ತಿರ ನಿಂತು, ಹೋಗುವವರೆಲ್ಲ ನೋಡುವ ಹಾಗೆ, ನಾನೂ ನೋಡಿದೆ. ಸೋಫಾ, ಊಟದ ಮೇಜು, ಎರಡು ಕುರ್ಚಿ. ಎಲ್ಲ ಸ್ಪಷ್ಟವಾಗಿ ಕಾಣುತ್ತಿತ್ತು.

ಒಳಗೆ ಯಾರೂ ಇರಲಿಲ್ಲ. ಕಿಂಡಿ ಮುಚ್ಚಲು ಪಕ್ಕದ ಕುಡಿಯನ್ನು ಎಳೆದೆ, ಮತ್ತೆ ಬಿಟ್ಟೆ. ಬೀಗದ ಕೈ ಹುಡುಕುತ್ತಾ ಬಾಗಿಲಿಗೆ ನಡೆದೆ.